ಕೋಶಕೇಂದ್ರದ ದಫ್ತರ

ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತ ಸಂಗತಿ ನಮ್ಮ ಓದುಗರಿಗೆ ತಿಳಿದದ್ದೇ ಆಗಿದೆ. ಆ ತೊಗರಿಯ ಹೊಲದಲ್ಲಿ ನಿಂತು ವಿದ್ಯಾರ್ಥಿಯೊಬ್ಬನು ಕೇಳಬಹುದಾದ ಒಂದು ಪ್ರಶ್ನೆಯಿಂದ ನಾವು ಈ ಲೇಖನವನ್ನು ಆರಂಭಿಸುತ್ತೇವೆ. ಗಿಡದ ಬೇರು, ಎಲೆ, ಹೂವು, ಕಾಯಿ ಎಲ್ಲವೂ ಒಂದೇ ಜೀವಕೋಶವು ಒಡೆದು ಒಡೆದು ಬೆಳೆದು ಆದವುಗಳು. ಆದುದರಿಂದ ಪ್ರತಿಯೊಂದು ಕೋಶದಲ್ಲಿಯೂ ಅದೇ ಡಿ.ಎನ್.ಎ., ಅವೇ ವಂಶವಾಹಿಗಳು. ಹೀಗಿದ್ದೂ ಬೇಳೆಯಲ್ಲಿ ಶೇಖರವಾಗುವ ಪ್ರೋಟೀನು ಎಲೆಯಲ್ಲಿ ಏಕೆ ಹುಟ್ಟುವುದಿಲ್ಲ? ಎಲೆಗೆ ಆ ಪಾಠವೇ ಇಲ್ಲವೆ, ಅಥವಾ ಇದ್ದೂ ಓದಲಾರದೆ?

ಹಿಂದಿನ ಕಾಲದ ಪಟವಾರಿಯ ದಫ್ತರವನ್ನು ಕಂಡ ಹಿರಿಯರು ಈ ಪ್ರಶ್ನೆಯ ಉತ್ತರವನ್ನು ಬೇಗನೆ ಗ್ರಹಿಸಬಲ್ಲರು. ಊರಿನ ಹೊಲಗಳ ಲೆಕ್ಕವೆಲ್ಲ ಕಾಗದದಲ್ಲಿ ಇತ್ತು; ಕಾಗದವು ಅರಿವೆಯ ಗಂಟಿನಲ್ಲಿ ಇತ್ತು. ಗಂಟು ಬಿಚ್ಚದೆ ಯಾವ ರೈತನ ಹೆಸರೂ ಓದಿ ಹೇಳುವಂತಿರಲಿಲ್ಲ. ಯಾವ ಗಂಟನ್ನು ಯಾವಾಗ ಬಿಚ್ಚಬೇಕೆಂಬುದು ಬರೆಹದಷ್ಟೇ ಮುಖ್ಯವಾದ ಮಾತಾಗಿತ್ತು. ಕೋಶಕೇಂದ್ರದಲ್ಲಿಯೂ ವ್ಯವಸ್ಥೆ ಹೀಗೆಯೇ ಇದೆ. ಆದರೆ ಅಲ್ಲಿಯ ಅರಿವೆಯು ಬರಿಯ ಹೊದಿಕೆಯಲ್ಲವೆಂದು ವಿಜ್ಞಾನಿಗಳು ಒಪ್ಪಿಕೊಳ್ಳುವುದಕ್ಕೆ ನೂರು ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯಿತು. ಆ ವಿಳಂಬದ ಕಥೆಯೇ ಈ ಚರಿತ್ರೆ.

1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ಕೋಟೆಯ ಹಳೆಯ ಅಡುಗೆಮನೆಯಲ್ಲಿ ಪ್ರಯೋಗಶಾಲೆಯೊಂದಿತ್ತು. ಅಲ್ಲಿ ಫ್ರೀಡ್ರಿಕ್ ಮೀಶರ್ ಎಂಬ ಸ್ವಿಸ್ ತರುಣನು ಆಸ್ಪತ್ರೆಯ ಗಾಯದ ಪಟ್ಟಿಗಳಿಂದ ಕೀವನ್ನು ತೊಳೆದು ತೆಗೆದು, ಅದರ ಕೋಶಕೇಂದ್ರಗಳಿಂದ ರಂಜಕವುಳ್ಳ ಒಂದು ಹೊಸ ವಸ್ತುವನ್ನು ಬೇರ್ಪಡಿಸಿದನು. ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟನು. ನಾವು ಇಂದು ಡಿ.ಎನ್.ಎ. ಎನ್ನುವುದು ಅದರಲ್ಲಿಯೇ ಇತ್ತು. ಮುಂದೆ ಬಾಸೆಲ್ ನಗರದಲ್ಲಿ ಆತನು ರೈನ್ ನದಿಯ ಸಾಲ್ಮನ್ ಮೀನಿನ ವೀರ್ಯಾಣುಗಳನ್ನು ಪರೀಕ್ಷಿಸಿ, 1874ರಲ್ಲಿ ಡಿ.ಎನ್.ಎ.ಗೆ ಅಂಟಿಕೊಂಡಿರುವ ಪ್ರೋಟಮೀನ್ ಎಂಬ ಇನ್ನೊಂದು ವಸ್ತುವನ್ನೂ ಕಂಡನು. ಈ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಅದು ಮತ್ತೆ ಬರುವುದು.

1880ರ ಆಸುಪಾಸಿನಲ್ಲಿ ವಾಲ್ಟರ್ ಫ್ಲೆಮಿಂಗ್ ಎಂಬಾತನು ಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕೋಶಕೇಂದ್ರದೊಳಗಿನ ಒಂದು ಪದಾರ್ಥವು ಬಣ್ಣವನ್ನು ಬಲವಾಗಿ ಹೀರಿಕೊಂಡಿತು. ಬಣ್ಣ ಎಂಬರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಕ್ರೊಮ್ಯಾಟಿನ್ ಎಂದು ಹೆಸರಾಯಿತು. ನಮ್ಮ ಪಠ್ಯಗಳ ‘ವರ್ಣತಂತು’ವಿನ ವರ್ಣವೂ ಇದೇ. ಮಕ್ಕಳು ಅದನ್ನು ಬಣ್ಣದ ದಾರವೆಂದೇ ತಿಳಿಯುವುದುಂಟು. ದಾರಕ್ಕೆ ಬಣ್ಣವಿಲ್ಲ, ಬಣ್ಣವು ನೋಡುವವನು ಹಾಕಿದ್ದು ಎಂದು ಅಧ್ಯಾಪಕರು ಮೊದಲೇ ಹೇಳಿಬಿಡುವುದು ಲೇಸು.

ಹಿಸ್ಟೋನುಗಳನ್ನು ಕಂಡುಹಿಡಿದವನು ಆಲ್ಬ್ರೆಕ್ಟ್ ಕೊಸೆಲ್, ವರ್ಷ 1884. ಆತನು ಬಳಸಿದ್ದು ಬಾತುಕೋಳಿಯ ಜಾತಿಗೆ ಸೇರಿದ ಹೆಬ್ಬಾತಿನ ರಕ್ತ. ನಮ್ಮ ರಕ್ತದ ಕೆಂಪುಕಣಗಳಲ್ಲಿ ಕೋಶಕೇಂದ್ರವಿಲ್ಲ, ಹಕ್ಕಿಗಳ ಕೆಂಪುಕಣಗಳಲ್ಲಿ ಇದೆ; ಆಯ್ಕೆಯ ಗುಟ್ಟು ಇಷ್ಟೇ. 1910ರಲ್ಲಿ ಕೊಸೆಲನಿಗೆ ನೊಬೆಲ್ ಪಾರಿತೋಷಕ ಬಂದಿತು. ಆದರೆ ಹಿಸ್ಟೋನುಗಳಿಗೆ ಆ ಗೌರವದ ಪಾಲು ಸಿಕ್ಕಲಿಲ್ಲ. 1944ರಲ್ಲಿ ಏವರಿ ಮತ್ತು ಸಂಗಡಿಗರು ಅನುವಂಶಿಕತೆಯ ವಸ್ತು ಡಿ.ಎನ್.ಎ. ಎಂದು ತೋರಿಸಿದರು; 1953ರಲ್ಲಿ ಅದರ ಜೋಡಿಸುರುಳಿಯ ರೂಪ ತಿಳಿಯಿತು. ಲೋಕದ ದೃಷ್ಟಿಯೆಲ್ಲ ಬರೆಹದ ಮೇಲೆ ನಿಂತಿತು. ಅರಿವೆಯನ್ನು ಯಾರೂ ಕೇಳಲಿಲ್ಲ. ಎಡಿನ್‌ಬರೋದ ಸ್ಟೆಡ್‌ಮನ್ ದಂಪತಿಗಳು ಮಾತ್ರ 1950ರಲ್ಲಿಯೇ, ಹಿಸ್ಟೋನುಗಳು ವಂಶವಾಹಿಗಳನ್ನು ಅದುಮಿಡುತ್ತಿರಬಹುದೆಂದು ಸೂಚಿಸಿದ್ದರು. ಸೂಚನೆಯೇ ಹೊರತು ಪ್ರಮಾಣವಿರಲಿಲ್ಲ.

ಪ್ರಮಾಣವು ಬಂದದ್ದು ತೊಗರಿಯ ಬಂಧುವಾದ ಬಟಾಣಿಯಿಂದ. ಕ್ಯಾಲಿಫೋರ್ನಿಯಾದ ಪಸಾಡೆನಾದಲ್ಲಿ ಜೇಮ್ಸ್ ಬಾನರ್ ಮತ್ತು ರು-ಚಿಹ್ ಹುವಾಂಗ್ ಎಂಬ ವಿದುಷಿ 1962ರಲ್ಲಿ ಬಟಾಣಿಯ ಕ್ರೊಮ್ಯಾಟಿನ್ ತೆಗೆದು, ಹಿಸ್ಟೋನು ಕಟ್ಟಿಕೊಂಡ ಡಿ.ಎನ್.ಎ.ಯಿಂದ ಆರ್.ಎನ್.ಎ. ನಕಲು ಹೊರಡದೆಂದು ತೋರಿಸಿದರು. ಮರುವರ್ಷ ಅವರು ಸಂಗಡಿಗರೊಡನೆ ಮಾಡಿದ ಪ್ರಯೋಗವು ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ನೇರವಾಗಿ ಸಲ್ಲುವಂಥದು. ಬಟಾಣಿಯ ಬೇಳೆಯಲ್ಲಿ ಗ್ಲಾಬ್ಯುಲಿನ್ ಎಂಬ ಶೇಖರಣೆಯ ಪ್ರೋಟೀನು ಹುಟ್ಟುತ್ತದೆ. ಚಿಗುರಿನ ಮೊಗ್ಗಿನಲ್ಲಿ ಹುಟ್ಟುವುದಿಲ್ಲ. ಬೇಳೆಯ ಕ್ರೊಮ್ಯಾಟಿನ್ನನ್ನು ಗಾಜಿನ ಕೊಳವೆಯಲ್ಲಿಟ್ಟು, ಪ್ರೋಟೀನು ಕಟ್ಟುವ ಸಾಮಗ್ರಿಯನ್ನು ಒದಗಿಸಿದಾಗ ಗ್ಲಾಬ್ಯುಲಿನ್ ಆಯಿತು. ಮೊಗ್ಗಿನ ಕ್ರೊಮ್ಯಾಟಿನ್ ಇಟ್ಟಾಗ ಆಗಲಿಲ್ಲ. ಮೊಗ್ಗಿನ ಕ್ರೊಮ್ಯಾಟಿನ್ನಿನಿಂದ ಹಿಸ್ಟೋನುಗಳನ್ನು ತೊಳೆದು ತೆಗೆದು ಮತ್ತೆ ಇಟ್ಟಾಗ ಆಯಿತು! ಮೊಗ್ಗಿಗೆ ಪಾಠವು ಇತ್ತು, ಗಂಟು ಬಿಚ್ಚಿರಲಿಲ್ಲ. ಇಂದಿನ ಕಣ್ಣಿಗೆ ಆ ಕಾಲದ ವಿಧಾನಗಳು ಒರಟಾಗಿ ಕಾಣಬಹುದು. ಆದರೂ ಇಷ್ಟು ಕಡಿಮೆ ಸಲಕರಣೆಯಿಂದ ಇಷ್ಟು ದೊಡ್ಡ ಪ್ರಶ್ನೆಯನ್ನು ಕೇಳಿದ ಪ್ರಯೋಗಗಳು ವಿರಳವೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಜೀವಂತ ಕೋಶದಲ್ಲಿ ಗಂಟನ್ನು ಸಡಿಲಿಸುವವರು ಯಾರು? 1964ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿನ್ಸೆಂಟ್ ಆಲ್‌ಫ್ರೇ ಮತ್ತು ಸಂಗಡಿಗರು, ಹಿಸ್ಟೋನುಗಳ ಮೇಲೆ ಅಸಿಟೈಲ್ ಎಂಬ ಪುಟ್ಟ ಗುಂಪು ಅಂಟುವುದನ್ನೂ, ಹಾಗೆ ಅಂಟಿದಲ್ಲಿ ನಕಲಿನ ಕಾರ್ಯಕ್ಕೆ ಅಡ್ಡಿ ಕಡಿಮೆಯಾಗುವುದನ್ನೂ ಪ್ರಕಟಿಸಿದರು. ಇದರ ಕಾರಣ ಸರಳವಾಗಿದೆ. ಡಿ.ಎನ್.ಎ.ಗೆ ಋಣ ವಿದ್ಯುದಂಶ. ಹಿಸ್ಟೋನಿನಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಹೇರಳ, ಅದಕ್ಕೆ ಧನ ವಿದ್ಯುದಂಶ. ಆದ್ದರಿಂದ ಎರಡೂ ಬಿಗಿಯಾಗಿ ಅಪ್ಪಿಕೊಳ್ಳುತ್ತವೆ. ಅಸಿಟೈಲ್ ಬಂದು ಲೈಸೀನಿನ ಮೇಲೆ ಕುಳಿತರೆ ಧನಾಂಶ ಅಡಗಿ ಹಿಡಿತ ಸಡಿಲುತ್ತದೆ. (ಈ ಲೈಸೀನು ಜೋಳದಲ್ಲಿ ಕಡಿಮೆ, ಬೇಳೆಯಲ್ಲಿ ಹೆಚ್ಚು; ರೊಟ್ಟಿಗೆ ಬೇಳೆಯ ಜೊತೆ ಬೇಕೆಂದ ನಮ್ಮ ಅಜ್ಜಿಯರು ರಸಾಯನಶಾಸ್ತ್ರ ಓದಿದವರಲ್ಲ.)

ಆಲ್‌ಫ್ರೇಯ ಮಾತನ್ನು ಬಹುಮಂದಿ ಮೂವತ್ತು ವರ್ಷ ನಂಬಲಿಲ್ಲ. ಅವರನ್ನು ಹಳಿಯುವಂತೆಯೂ ಇಲ್ಲ. ಗಂಟು ಬಿಚ್ಚಿದ್ದರಿಂದ ಓದು ನಡೆಯಿತೋ, ಓದು ನಡೆದದ್ದರಿಂದ ಗಂಟು ಸಡಿಲಿತೋ ಎಂಬ ಸಂಶಯಕ್ಕೆ ಉತ್ತರ ದೊರೆತಿರಲಿಲ್ಲ. ಈ ನಡುವೆ ಗಂಟಿನ ಆಕಾರ ತಿಳಿಯಿತು. 1974ರಲ್ಲಿ ರೋಜರ್ ಕಾರ್ನ್‌ಬರ್ಗ್, ನಾಲ್ಕು ಬಗೆಯ ಹಿಸ್ಟೋನುಗಳು ತಲಾ ಎರಡರಂತೆ ಎಂಟು ಸೇರಿ ಒಂದು ಉಂಡೆಯಾಗುವುವೆಂದೂ, ಅದನ್ನು ಡಿ.ಎನ್.ಎ. ದಾರ ಸುತ್ತುವುದೆಂದೂ ಮಂಡಿಸಿದನು. ಅದೇ ವರ್ಷ ಒಲಿನ್ಸ್ ದಂಪತಿಗಳು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪೋಣಿಸಿದ ಮಣಿಸರದಂಥ ಚಿತ್ರವನ್ನು ಪ್ರಕಟಿಸಿದರು. ಈ ಮಣಿಗೆ ನ್ಯೂಕ್ಲಿಯೋಸೋಮ್ ಎಂದು ಹೆಸರು. ನಮ್ಮ ಒಂದೊಂದು ಕೋಶದಲ್ಲಿಯೂ ಸುಮಾರು 2 ಮೀಟರ್ ಉದ್ದದ ಡಿ.ಎನ್.ಎ., ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕೂ ಕಿರಿದಾದ ಕೇಂದ್ರದಲ್ಲಿ ಅಡಕವಾಗುವುದು ಈ ಸುತ್ತುವಿಕೆಯಿಂದ ಮೊದಲ್ಗೊಂಡೇ. 1997ರಲ್ಲಿ ಕರೋಲಿನ್ ಲೂಗರ್, ಟಿಮೊತಿ ರಿಚ್ಮಂಡ್ ಮೊದಲಾದವರು ಮಣಿಯ ಸ್ಫಟಿಕಚಿತ್ರವನ್ನು ಪರಮಾಣುಗಳ ಮಟ್ಟದಲ್ಲಿ ಬಿಡಿಸಿದರು. 146 ಜೋಡಿ ಅಕ್ಷರಗಳ ದಾರ ಸುಮಾರು ಒಂದೂಮುಕ್ಕಾಲು ಸುತ್ತು ಸುತ್ತಿತ್ತು; ಹಿಸ್ಟೋನುಗಳ ಬಾಲಗಳು ಹೊರಕ್ಕೆ ಚಾಚಿದ್ದವು.

ಸಂಶಯವನ್ನು ಪರಿಹರಿಸಿದ್ದು ಕೆರೆಯ ನೀರಿನ ಟೆಟ್ರಹೈಮಿನ ಎಂಬ ಏಕಕೋಶಜೀವಿ. ಅದಕ್ಕೆ ಎರಡು ಕೇಂದ್ರಗಳು: ದೊಡ್ಡದರಲ್ಲಿ ವಂಶವಾಹಿಗಳು ದುಡಿಯುತ್ತವೆ, ಚಿಕ್ಕದರಲ್ಲಿ ಮಲಗಿರುತ್ತವೆ. ಅಸಿಟೈಲ್ ಹೊತ್ತ ಹಿಸ್ಟೋನುಗಳು ದೊಡ್ಡದರಲ್ಲಿಯೇ ಇದ್ದವು. ಆ ದೊಡ್ಡ ಕೇಂದ್ರದಿಂದ ಅಸಿಟೈಲ್ ಅಂಟಿಸುವ ಕಿಣ್ವವನ್ನು ಡೇವಿಡ್ ಆಲಿಸ್ ಮತ್ತು ಸಂಗಡಿಗರು 1996ರಲ್ಲಿ ಗುರುತಿಸಿದಾಗ, ಅದು ಈಸ್ಟಿನಲ್ಲಿ ವಂಶವಾಹಿಗಳನ್ನು ಎಬ್ಬಿಸುವುದೆಂದು ಮೊದಲೇ ಗೊತ್ತಿದ್ದ ಪ್ರೋಟೀನಿನ ದಾಯಾದಿಯೇ ಆಗಿತ್ತು. ಅದೇ ವರ್ಷ ಸ್ಟುವರ್ಟ್ ಶ್ರೈಬರನ ಗುಂಪು ಅಸಿಟೈಲ್ ಕೀಳುವ ಕಿಣ್ವವನ್ನು ಹಿಡಿಯಿತು. ಅದರ ಈಸ್ಟ್ ಸಂಬಂಧಿ ವಂಶವಾಹಿಗಳನ್ನು ಮಲಗಿಸುವುದೆಂದು ಹೆಸರಾಗಿತ್ತು. ಕಟ್ಟುವ ಕೈ, ಬಿಚ್ಚುವ ಕೈ ಎರಡೂ ಸಿಕ್ಕವು. ಮುಂದೆ ಮೀಥೈಲ್ ಗುರುತುಗಳ ವಿಷಯವೂ ತಿಳಿಯಿತು. ಅವುಗಳ ಅರ್ಥ ಕುಳಿತ ಸ್ಥಳದ ಮೇಲೆ ನಿಂತಿದೆ: ಮೂರನೆಯ ಹಿಸ್ಟೋನಿನ 4ನೆಯ ಸ್ಥಾನದಲ್ಲಿದ್ದರೆ ಎಚ್ಚರದ ಗುರುತು, 9ನೆಯದರಲ್ಲಿದ್ದರೆ ನಿದ್ರೆಯ ಗುರುತು.

ಈ ಚರಿತ್ರೆಯಲ್ಲಿ ನಮ್ಮ ನಾಡಿನ ಪುಟಗಳೂ ಇವೆ. ಹೈದರಾಬಾದಿನಲ್ಲಿ 1977ರಲ್ಲಿ ಪುಷ್ಪ ಮಿತ್ರ ಭಾರ್ಗವರ ನೇತೃತ್ವದಲ್ಲಿ ಆರಂಭವಾದ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದಲ್ಲಿ, ರಾಕೇಶ್ ಮಿಶ್ರ ಅವರು ಹಣ್ಣಿನ ನೊಣದ ಕ್ರೊಮ್ಯಾಟಿನ್ ಹೇಗೆ ಅದರ ದೇಹದ ಖಂಡಗಳನ್ನು ಗೊತ್ತುಪಡಿಸುವುದೆಂದು ಪರಿಶೋಧಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಮಾರ್ ಕುಂದು ಅವರ ಗುಂಪು, ಅಸಿಟೈಲ್ ಅಂಟಿಸುವ ಕಿಣ್ವವನ್ನು ತಡೆಯುವ ವಸ್ತುಗಳನ್ನು ನಮ್ಮ ಗಿಡಮರಗಳಲ್ಲಿಯೇ ಹುಡುಕಿತು. 2003ರಲ್ಲಿ ಗೋಡಂಬಿಯ ಸಿಪ್ಪೆಯ ಎಣ್ಣೆಯಿಂದ ಅನಕಾರ್ಡಿಕ್ ಆಮ್ಲ, 2004ರಲ್ಲಿ ಅರಿಸಿನದ ಕರ್ಕ್ಯುಮಿನ್ ಮತ್ತು ಮಲೆನಾಡಿನ ಮುರುಗಲು ಹಣ್ಣಿನ ಗಾರ್ಸಿನಾಲ್ ವರದಿಯಾದವು. ಮುರುಗಲಿನ ಪಾನಕ ಕುಡಿದರೆ ಅರ್ಬುದ ವಾಸಿಯಾಗುವುದೆಂದು ಇದರಿಂದ ಯಾರೂ ತಿಳಿಯಕೂಡದು. ಪ್ರಯೋಗಶಾಲೆಯ ಫಲಕ್ಕೂ ರೋಗಿಯ ಹಾಸಿಗೆಗೂ ಬಹಳ ದೂರ. ಆ ದೂರವನ್ನು ದಾಟಿದ ಉದಾಹರಣೆಯೂ ಉಂಟು: ಅಸಿಟೈಲ್ ಕೀಳುವ ಕಿಣ್ವವನ್ನು ತಡೆಯುವ ವೋರಿನೋಸ್ಟ್ಯಾಟ್ ಎಂಬ ಔಷಧಕ್ಕೆ, ಚರ್ಮದ ಒಂದು ಬಗೆಯ ಅರ್ಬುದಕ್ಕಾಗಿ, 2006ರಲ್ಲಿ ಅಮೆರಿಕೆಯ ಅನುಮತಿ ದೊರೆಯಿತು.

ಮೈಸೂರಿನಲ್ಲಿ 1948ರಲ್ಲಿ ಜನಿಸಿ 2023ರಲ್ಲಿ ನಿಧನರಾದ ಎಂ.ಆರ್.ಎಸ್. ರಾವ್ ಅವರ ಕೆಲಸ ನಮ್ಮನ್ನು ಮತ್ತೆ ಮೀಶರನ ಮೀನಿಗೆ ಕರೆದೊಯ್ಯುತ್ತದೆ. ಭಾರತೀಯ ವಿಜ್ಞಾನ ಮಂದಿರದಲ್ಲಿಯೂ, ತಾವು 2003ರಿಂದ 2013ರವರೆಗೆ ಅಧ್ಯಕ್ಷರಾಗಿದ್ದ ನೆಹರೂ ಕೇಂದ್ರದಲ್ಲಿಯೂ ಅವರು ಪರಿಶೋಧಿಸಿದ್ದು ಗಂಡು ಇಲಿಯ ವೀರ್ಯಾಣು ರೂಪುಗೊಳ್ಳುವ ಕ್ರಮವನ್ನು. ಅಲ್ಲಿ ಹಿಸ್ಟೋನುಗಳು ಜಾಗ ತೆರವು ಮಾಡುತ್ತವೆ. ಸಂಕ್ರಮಣ ಪ್ರೋಟೀನುಗಳು ಬಂದು ಕೆಲವು ಕಾಲ ಕುಳಿತು ಹೋಗುತ್ತವೆ. ಕೊನೆಗೆ ಪ್ರೋಟಮೀನ್ ಬಂದು ದಫ್ತರವನ್ನೆಲ್ಲ ಅತ್ಯಂತ ಬಿಗಿಯಾಗಿ ಕಟ್ಟಿ ಪ್ರಯಾಣಕ್ಕೆ ಸಿದ್ಧಗೊಳಿಸುತ್ತದೆ. ಆದರೆ ಮನುಷ್ಯನ ವೀರ್ಯಾಣುವಿನಲ್ಲಿ ಕೆಲವು ಹಿಸ್ಟೋನುಗಳು ತೆರವಾಗದೆ ಉಳಿಯುತ್ತವೆ. ಅವುಗಳ ಮೇಲಿನ ಗುರುತುಗಳು ತಂದೆಯಿಂದ ಮಗುವಿಗೆ ಏನನ್ನಾದರೂ ತಿಳಿಸುವುವೋ ಎಂಬ ಪ್ರಶ್ನೆಯ ಮೇಲೆ ವಿಜ್ಞಾನಿಗಳ ವಾದ ಇನ್ನೂ ನಡೆದಿದೆ.