ಶೇಷ ಆಪರೇಟರ್

ಒಂದು ಪೂರ್ಣಾಂಕವನ್ನು ಇನ್ನೊಂದರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಕೊಡುವ ಪ್ರೋಗ್ರಾಮಿಂಗ್ ಚಿಹ್ನೆ. ಸಿ, ಜಾವಾ, ಜಾವಾಸ್ಕ್ರಿಪ್ಟ್, ಪೈಥಾನ್‌ಗಳಲ್ಲಿ ಇದನ್ನು % ಎಂದು ಬರೆಯುತ್ತಾರೆ. ಶೇಕಡಾವಾರಿಗೂ ಇದಕ್ಕೂ ಸಂಬಂಧವಿಲ್ಲ. 17 % 5 ಎಂದರೆ 2. ಭಾಜ್ಯ = ಭಾಜಕ × ಭಾಗಲಬ್ಧ + ಶೇಷ ಎಂಬ ಶಾಲೆಯ ಸೂತ್ರವೇ ಇದರ ಬುಡ. ಪೂರ್ಣಾಂಕಗಳ ಲೆಕ್ಕದಲ್ಲಿ ಭಾಜಕ ಸೊನ್ನೆಯಾಗುವಂತಿಲ್ಲ.

ಒಂದು ಸುತ್ತು ಮುಗಿದು ಮತ್ತೆ ಮೊದಲಿಗೆ ಬರುವ ಎಣಿಕೆಗಳಿಗೆಲ್ಲ ಈ ಚಿಹ್ನೆ ಬೇಕು: ವಾರದ ದಿನ, ಗಡಿಯಾರದ ಗಂಟೆ, ಅರವತ್ತು ಸಂವತ್ಸರಗಳ ಚಕ್ರ. ಶಾಸನಗಳ ಕಾಲ ಗುರುತಿಸುವವರಿಗೆ ಈ ಕೊನೆಯದು ನಿತ್ಯದ ಕೆಲಸ. ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠಾ ಶಾಸನ ಶಕವರ್ಷ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ ಎನ್ನುತ್ತದೆ, ಅಂದರೆ ಕ್ರಿ.ಶ. 1117ರ ಮಾರ್ಚ್ 10. ಶಕವರ್ಷಕ್ಕೆ 11 ಕೂಡಿಸಿ 60ರಿಂದ ಭಾಗಿಸಿದರೆ ಶೇಷ 30. ಚಕ್ರದ ಮೊದಲ ಸಂವತ್ಸರವಾದ ಪ್ರಭವವನ್ನು ಸೊನ್ನೆ ಎಂದಿಟ್ಟುಕೊಂಡು ಎಣಿಸಿದರೆ 30ನೆಯ ಸ್ಥಾನದಲ್ಲಿರುವುದು ಹೇವಿಳಂಬಿಯೇ. ಶಾಸನ ಹೇಳಿದ್ದಕ್ಕೂ ಲೆಕ್ಕಕ್ಕೂ ತಾಳೆಯಾಯಿತು.

ತೊಡಕು ಶುರುವಾಗುವುದು ಋಣ ಸಂಖ್ಯೆ ಬಂದಾಗ. ಇತ್ತೀಚಿನ ಪ್ರಭವ ಬಂದದ್ದು 1987ರಲ್ಲಿ. ಅದನ್ನೇ ಆಧಾರವಾಗಿಟ್ಟುಕೊಂಡು ಹಿಂದಕ್ಕೆ ಎಣಿಸುವ ಪ್ರೋಗ್ರಾಂನಲ್ಲಿ ಬೇಲೂರಿನ ಲೆಕ್ಕ 1117 − 1987, ಅಂದರೆ −870 ಆಗುತ್ತದೆ. −870 % 60ಕ್ಕೆ ಪೈಥಾನ್ 30 ಎನ್ನುತ್ತದೆ. ಸಿ, ಜಾವಾ, ಜಾವಾಸ್ಕ್ರಿಪ್ಟ್‌ಗಳು −30 ಎನ್ನುತ್ತವೆ. ಎರಡೂ ಸೂತ್ರಕ್ಕೆ ಸರಿಹೊಂದುತ್ತವೆ. ಭಾಗಲಬ್ಧ −14.5 ಬಂದಾಗ ಪೈಥಾನ್ ಕೆಳಗಿನ −15ಕ್ಕೆ ಇಳಿಯುತ್ತದೆ, ಹೀಗಾಗಿ ಶೇಷಕ್ಕೆ ಭಾಜಕದ ಚಿಹ್ನೆ. ಉಳಿದವು ದಶಮಾಂಶ ಕತ್ತರಿಸಿ −14ರಲ್ಲಿ ನಿಲ್ಲುತ್ತವೆ, ಶೇಷಕ್ಕೆ ಭಾಜ್ಯದ ಚಿಹ್ನೆ ಬರುತ್ತದೆ. ಸಿ ಭಾಷೆಯಲ್ಲಿ 1999ರ ಮಾನಕ ಬರುವವರೆಗೆ ಇದು ಕೂಡ ನಿಗದಿಯಾಗಿರಲಿಲ್ಲ. ಆಯಾ ಕಂಪೈಲರ್‌ನ ಮರ್ಜಿ.

ಋಣಚಿಹ್ನೆಯನ್ನು ತೆಗೆದುಹಾಕಿದರಾಯಿತಲ್ಲ ಎಂದುಕೊಳ್ಳುವವರಿದ್ದಾರೆ. ಬೇಲೂರಿಗೆ ಅದು ಸರಿಯಾದ ಉತ್ತರವನ್ನೇ ಕೊಡುತ್ತದೆ, ಆದರೆ 30 ಎಂಬುದು 60ರ ಸರಿಯಾದ ಅರ್ಧ ಎಂಬ ಒಂದೇ ಕಾರಣಕ್ಕೆ. ಇಂಥ ಆಕಸ್ಮಿಕವೇ ತಪ್ಪನ್ನು ವರ್ಷಗಟ್ಟಲೆ ಮುಚ್ಚಿಡುವುದು. ಕೇತಮಲ್ಲ ಕಟ್ಟಿಸಿದ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ 1121ನ್ನು ಕೊಟ್ಟು ನೋಡಿ: −866 % 60, ಸಿಯಲ್ಲಿ −26. ಚಿಹ್ನೆ ತೆಗೆದರೆ 26, ವಿಜಯ ಸಂವತ್ಸರ. ನಿಜವಾಗಿ ಬರಬೇಕಾದದ್ದು 34, ಪ್ಲವ. ಅರಸೀಕೆರೆಯ ಈಶ್ವರ ದೇವಾಲಯದ 1220ಕ್ಕೂ ಇದೇ ಗತಿ: −47 ಬಂದು, ವಿಕ್ರಮದ ಬದಲು ಆನಂದ ಸಂವತ್ಸರ ಕಾಣಿಸಿಕೊಳ್ಳುತ್ತದೆ.

ವರ್ಷಗಳ ವ್ಯತ್ಯಾಸವನ್ನು ಅ ಎಂದಿಟ್ಟುಕೊಂಡರೆ, ಸರಿಯಾದ ಪರಿಹಾರ ((ಅ % 60) + 60) % 60 ಎಂದು ಬರೆಯುವುದು. −26ಕ್ಕೆ 60 ಕೂಡಿದರೆ 34. ಕೊನೆಯ % ಧನ ಸಂಖ್ಯೆಗಳು 60 ದಾಟದಂತೆ ನೋಡಿಕೊಳ್ಳುತ್ತದೆ. ಜಾವಾ 8ರಿಂದ ಇದಕ್ಕೆಂದೇ ಫ್ಲೋರ್‌ಮಾಡ್ ಎಂಬ ಫಂಕ್ಷನ್ ಇದೆ. ಬೆಸ ಸಂಖ್ಯೆಯ ಪರೀಕ್ಷೆಯಲ್ಲೂ ಇದೇ ಎಚ್ಚರ ಬೇಕು: ಸಿಯಲ್ಲಿ −3 % 2 ಎಂದರೆ −1, ಆದ್ದರಿಂದ ಶೇಷ 1 ಆಗಿದೆಯೇ ಎಂದು ಕೇಳುವ ಬದಲು ಸೊನ್ನೆಯಲ್ಲವೇ ಎಂದು ಕೇಳಬೇಕು.

ಆಪರೇಟರ್ ಸರಿಯಿದ್ದರೂ ಪಂಚಾಂಗ ಗೊತ್ತಿರಬೇಕು. ಸಂವತ್ಸರ ಬದಲಾಗುವುದು ಯುಗಾದಿಗೆ. ಜನವರಿಯಿಂದ ಯುಗಾದಿಯವರೆಗಿನ ತಾರೀಕುಗಳಿಗೆ ಹಿಂದಿನ ವರ್ಷವನ್ನು ಕೊಡಬೇಕು. ಉತ್ತರ ಭಾರತದ ಬಾರ್ಹಸ್ಪತ್ಯ ಗಣನೆಯಲ್ಲಿ ಸುಮಾರು 85 ವರ್ಷಕ್ಕೊಮ್ಮೆ ಒಂದು ಸಂವತ್ಸರ ಲೋಪವಾಗುವುದರಿಂದ ಅಲ್ಲಿನ ಶಾಸನಗಳಿಗೆ ಬರೀ % 60 ಸಾಲದು.