ಬಳ್ಳಾರಿ ರಂಗಭೂಮಿಯಲ್ಲಿ ದುರಂತನಾಯಕನ ಕಲ್ಪನೆ

ದುರಂತನಾಯಕನು ಪರಿಪೂರ್ಣ ಸಜ್ಜನನೂ ಅಲ್ಲ, ದುಷ್ಟನೂ ಅಲ್ಲ. ಉನ್ನತ ಸ್ಥಾನದಲ್ಲಿದ್ದು ತನ್ನದೇ ತಪ್ಪೆಣಿಕೆಯಿಂದ ಪತನ ಹೊಂದುವವನು ಎಂಬುದು ಅರಿಸ್ಟಾಟಲನ ನಿಲುವು. ಸಂಸ್ಕೃತ ನಾಟಕ ಪರಂಪರೆಯು ಬಹುಮಟ್ಟಿಗೆ ಮಂಗಳಾಂತ್ಯವನ್ನೇ ಬಯಸಿತು. ಭಾಸನ ‘ಊರುಭಂಗ’ದಂತಹ ಕೃತಿಗಳು ವಿರಳ. ಈ ಎರಡು ದೃಷ್ಟಿಗಳು ಮುಖಾಮುಖಿಯಾದ ಕೇಂದ್ರಗಳಲ್ಲಿ ಬಳ್ಳಾರಿಯೂ ಒಂದು.

ಮದರಾಸು ಪ್ರಾಂತಕ್ಕೆ ಸೇರಿದ್ದ ಅಂದಿನ ಬಳ್ಳಾರಿಯಲ್ಲಿ ಇಬ್ಬರು ವಕೀಲರು ತೆಲುಗಿನಲ್ಲಿ ನಾಟಕ ರಚಿಸುತ್ತಿದ್ದರು. ಸರಸವಿನೋದಿನೀ ಸಭೆಯ ಧರ್ಮವರಂ ರಾಮಕೃಷ್ಣಮಾಚಾರ್ಯರ (1853–1912) ‘ವಿಷಾದ ಸಾರಂಗಧರ’ವನ್ನು ತೆಲುಗಿನ ಮೊದಲ ದುರಂತ ನಾಟಕವೆಂದು ಗುರುತಿಸಲಾಗಿದೆ. ಸುಮನೋರಮಾ ಸಭೆಯ ಕೋಲಾಚಲಂ ಶ್ರೀನಿವಾಸರಾಯರು (1854–1919) ವಿಜಯನಗರದ ಪತನವನ್ನು ಕುರಿತು ‘ರಾಮರಾಜು ಚರಿತ್ರ’ವನ್ನು ಬರೆದರು. ಅದರ ಪಠಾಣ ರುಸ್ತುಮನ ಪಾತ್ರದಿಂದ ಬಳ್ಳಾರಿ ರಾಘವರು (1880–1946) ಪ್ರಸಿದ್ಧರಾದರು.

ಈ ಎರಡು ವಸ್ತುಗಳು ಒಂದೇ ಬಗೆಯವಲ್ಲ. ಸಾರಂಗಧರನ ಕಥೆಯಲ್ಲಿ ಮಲತಾಯಿಯ ದೂರನ್ನು ವಿಚಾರಿಸದೆ ನಂಬಿದ ತಂದೆ ನಿರಪರಾಧಿ ಮಗನನ್ನು ದಂಡಿಸುತ್ತಾನೆ. ನೋವು ಮಗನದು, ತಪ್ಪೆಣಿಕೆ ತಂದೆಯದು. ಆದುದರಿಂದ ಅರಿಸ್ಟಾಟಲನ ಅರ್ಥದಲ್ಲಿ ದುರಂತನಾಯಕನು ತಂದೆಯೇ ಹೊರತು ಸಾರಂಗಧರನಲ್ಲ.

ಅಳಿಯ ರಾಮರಾಯನಲ್ಲಾದರೋ ನೋವು, ತಪ್ಪೆಣಿಕೆಗಳೆರಡೂ ಒಬ್ಬನಲ್ಲೇ ಕೂಡಿವೆ. ಸದಾಶಿವರಾಯನ ಹೆಸರಿನಲ್ಲಿ ಆಳಿದ ಆತನು ದಖ್ಖನಿನ ಸುಲ್ತಾನರಲ್ಲಿ ಒಮ್ಮೆ ಒಬ್ಬನಿಗೆ, ಮತ್ತೊಮ್ಮೆ ಇನ್ನೊಬ್ಬನಿಗೆ ನೆರವಾಗಿ ಎಲ್ಲರನ್ನೂ ಅಂಕೆಯಲ್ಲಿಟ್ಟನು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾ ಪಟ್ಟವೇರುವ ಮುನ್ನ ಸುಮಾರು ಏಳು ವರ್ಷ ವಿಜಯನಗರದಲ್ಲೇ ಆಶ್ರಯ ಪಡೆದಿದ್ದನು. ಬಿಜಾಪುರದ ಅಲಿ ಆದಿಲ್ ಷಾ ಮೈತ್ರಿ ಬೇಡಿ ಬಂದಿದ್ದನು. 1565ರ ಜನವರಿಯಲ್ಲಿ ಎದುರು ನಿಂತವರಲ್ಲಿ ಅವರಿಬ್ಬರೂ ಇದ್ದರು. ರಾಮರಾಯನನ್ನು ಮೇಲೆತ್ತಿದ ಚಾತುರ್ಯವೇ ಶತ್ರುಗಳನ್ನು ಒಂದುಗೂಡಿಸಿತು. ಆತನು ಸೆರೆಸಿಕ್ಕು ಶಿರಚ್ಛೇದಕ್ಕೊಳಗಾದನು, ರಾಜಧಾನಿ ಹಾಳಾಯಿತು.

ಈ ಪತನವನ್ನು ಕೇವಲ ಮತಸಂಘರ್ಷವೆಂದು ವಿವರಿಸಿದರೆ ರಾಮರಾಯನು ಮತ್ತೊಬ್ಬ ಸಾರಂಗಧರನಾಗುತ್ತಾನೆ: ಕನಿಕರಕ್ಕೆ ಪಾತ್ರ, ಆದರೆ ತನ್ನ ಅಂತ್ಯಕ್ಕೆ ಹೊಣೆಯಲ್ಲದವನು. ಹೊಣೆಯನ್ನು ಕಳೆದರೆ ದುರಂತವೂ ಕಳೆಯುತ್ತದೆ, ಚರಿತ್ರೆಯೂ ಮಸುಕಾಗುತ್ತದೆ. ಬಳ್ಳಾರಿಯು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬಹುಕಾಲದ ಅನಂತರ ಗಿರೀಶ ಕಾರ್ನಾಡರು ‘ರಾಕ್ಷಸ ತಂಗಡಿ’ಯಲ್ಲಿ (2018) ಇದೇ ವ್ಯಕ್ತಿಯನ್ನು ಕನ್ನಡ ರಂಗಕ್ಕೆ ತಂದರು. ರಾಮರಾಯನನ್ನು ವೀರನೆಂದೋ ಅಪರಾಧಿಯೆಂದೋ ತೀರ್ಮಾನಿಸುವುದಕ್ಕಿಂತ, ಆತನ ಗುಣವೇ ದೋಷವಾಗಿ ಪರಿಣಮಿಸಿದ ಬಗೆಯನ್ನು ಅರಿಯುವುದು ರಂಗಭೂಮಿಗೂ ಚರಿತ್ರೆಗೂ ಸಮಾನವಾದ ಕರ್ತವ್ಯವಾಗಿದೆ.