ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್

ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬುದು ಪಶ್ಚಿಮ ಘಟ್ಟಗಳ ಒಂದು ಅಪರೂಪದ ನಿತ್ಯಹರಿದ್ವರ್ಣ ಮರ. ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ಸಿಹಿನೀರಿನ ಜೌಗು ಕಾಡುಗಳಲ್ಲಿ ಇದು ಕಂಡುಬರುತ್ತದೆ. ಮಾವು ಮತ್ತು ಗೋಡಂಬಿ ಮರಗಳನ್ನು ಒಳಗೊಂಡ ಅನಕಾರ್ಡಿಯೇಸಿ ಕುಟುಂಬಕ್ಕೆ ಇದು ಸೇರಿದೆ. ಬೆಳೆದ ಮರಗಳ ಸಂಖ್ಯೆ ಅತ್ಯಲ್ಪವಾಗಿರುವುದರಿಂದಲೂ ನೆಲೆ ಬಹಳ ಕಿರಿದಾಗಿರುವುದರಿಂದಲೂ ಇದನ್ನು ಅಳಿವಿನ ಅಂಚಿನಲ್ಲಿರುವ ಪ್ರಭೇದವೆಂದು ಪರಿಗಣಿಸಲಾಗುತ್ತದೆ.

ಹೆಸರು ಮತ್ತು ವರ್ಗೀಕರಣ

ಈ ಪ್ರಭೇದವನ್ನು ದಾಸಪ್ಪ ಮತ್ತು ಎಂ. ಎಚ್. ಸ್ವಾಮಿನಾಥ್ ಅವರು 2000ದಲ್ಲಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆಯಲ್ಲಿ ವಿಜ್ಞಾನಕ್ಕೆ ಹೊಸದೆಂದು ವಿವರಿಸಿದರು. ಅದು ದೊರೆತ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹೆಸರನ್ನೇ ಅದಕ್ಕೆ ಇಡಲಾಯಿತು. ಮಲೆನಾಡಿನಲ್ಲಿ 'ಕಾನು' ಎಂದರೆ ದಟ್ಟವಾದ ನಿತ್ಯಹರಿದ್ವರ್ಣ ಕಾಡು. ಹಗಲಿನಲ್ಲೂ ಬಿಸಿಲು ನೆಲಕ್ಕೆ ತಾಗದಷ್ಟು ದಟ್ಟವಾದ ಕಾಡು ಎಂಬ ಅರ್ಥ ಈ ಸ್ಥಳನಾಮದಲ್ಲಿದೆ.

ಇದೇ ಕುಲದ ಸೆಮೆಕಾರ್ಪಸ್ ಅನಕಾರ್ಡಿಯಂ, ಅಂದರೆ ಕೇರು ಮರ, ಭಾರತದ ಎಲೆ ಉದುರುವ ಕಾಡುಗಳಲ್ಲಿ ವ್ಯಾಪಕವಾಗಿ ಬೆಳೆಯುತ್ತದೆ. ಅದರ ಕಾಯಿಯ ರಸದಿಂದ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದರು. ಆಯುರ್ವೇದದಲ್ಲಿ ಅದು ಭಲ್ಲಾತಕ. ಒಂದೇ ಕುಲದ ಒಂದು ಮರ ಒಣನಾಡಿಗೂ ಒಗ್ಗಿಕೊಂಡಿದ್ದರೆ, ಇನ್ನೊಂದು ಕೆಲವೇ ಹಳ್ಳಗಳ ಅಂಚಿಗೆ ಸೀಮಿತವಾಗಿದೆ.

ನೆಲೆ

ಕತ್ತಲೆಕಾನು ಶರಾವತಿ ನದಿಯ ಜಲಾನಯನ ಪ್ರದೇಶದಲ್ಲಿದೆ. ಹೊನ್ನಾವರದಿಂದ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ ಜೋಗದ ಕಡೆಗೆ ಹೋಗುವ ಹೆದ್ದಾರಿ ಈ ಕಾಡಿನ ಪರಿಸರದಲ್ಲೇ ಸಾಗುತ್ತದೆ. ಇಲ್ಲಿನ ಕಣಿವೆಗಳಲ್ಲಿ ನಿಧಾನವಾಗಿ ಹರಿಯುವ ತೊರೆಗಳ ಇಕ್ಕೆಲಗಳಲ್ಲಿ ವರ್ಷದ ಬಹುಭಾಗ ನೆಲ ಕೆಸರಾಗಿಯೇ ಇರುತ್ತದೆ. ಇಂತಹ ಜೌಗನ್ನು ಸ್ಥಳೀಯರು 'ರಾಂಪತ್ರೆ ಜಡ್ಡಿ' ಎನ್ನುತ್ತಾರೆ. ವಿಜ್ಞಾನಿಗಳು ಇದನ್ನು ಮಿರಿಸ್ಟಿಕಾ ಜೌಗು ಎಂದು ಕರೆಯುತ್ತಾರೆ. ಭಾರತದಲ್ಲಿ ಈ ಬಗೆಯ ಕಾಡನ್ನು ಕೃಷ್ಣಮೂರ್ತಿ ಅವರು 1960ರಲ್ಲಿ ತಿರುವಾಂಕೂರು ಪ್ರದೇಶದಿಂದ ಮೊದಲು ವರದಿ ಮಾಡಿದರು.

ಜಡ್ಡಿಯ ಪ್ರಧಾನ ಮರಗಳು ಜಾಯಿಕಾಯಿಯ ಕುಟುಂಬಕ್ಕೆ ಸೇರಿದವು. ಹೂಬಿಡುವ ಸಸ್ಯಗಳಲ್ಲಿ ಇದು ಪ್ರಾಚೀನ ಕುಟುಂಬಗಳಲ್ಲೊಂದು. ನೀರು ನಿಂತ ಮಣ್ಣಿನಲ್ಲಿ ಬೇರುಗಳಿಗೆ ಗಾಳಿ ದೊರೆಯದ ಕಾರಣ, ಜಿಮ್ನಾಕ್ರಾಂಥೆರಾ ಕನಾರಿಕಾದ ಬೇರುಗಳು ಮಡಿಸಿದ ಮೊಣಕಾಲಿನಂತೆ ಕೆಸರಿನ ಮೇಲೆ ಎದ್ದು ನಿಲ್ಲುತ್ತವೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾ ಮರವು ಕಾಂಡದಿಂದ ಇಳಿಬಿಟ್ಟ ಊರುಗೋಲಿನಂತಹ ಬೇರುಗಳ ಆಸರೆ ಪಡೆಯುತ್ತದೆ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಈ ಮರಗಳ ನಡುವೆ ಬೆಳೆಯುತ್ತದೆ. ಇನ್ನೊಂದು ಅತಿ ವಿರಳ ಜೌಗು ಮರವಾದ ಸಿಜೀಜಿಯಂ ತ್ರಾವಂಕೂರಿಕಂ ಸಹ ಕತ್ತಲೆಕಾನಿನಲ್ಲಿ ದಾಖಲಾಗಿದೆ. ಈ ಕಾಡು ಸಿಂಹಬಾಲದ ಸಿಂಗಳೀಕದ ನೆಲೆಯೂ ಹೌದು.

ಅಪಾಯಗಳು

ಈ ಮರ ವಿರಳವಾಗಲು ಮುಖ್ಯ ಕಾರಣ ಜಡ್ಡಿಗಳ ನಾಶ. ಬೇಸಿಗೆಯಲ್ಲೂ ತೇವ ಉಳಿಸಿಕೊಳ್ಳುವ ಕಣಿವೆಯ ತಳಗಳು ಕೃಷಿಗೂ ಯೋಗ್ಯವಾದವು. ಹಾಗಾಗಿ ಅನೇಕ ಜಡ್ಡಿಗಳು ಕಾಲಕ್ರಮೇಣ ಅಡಿಕೆ ತೋಟಗಳಾಗಿ ಮತ್ತು ಭತ್ತದ ಗದ್ದೆಗಳಾಗಿ ಮಾರ್ಪಟ್ಟವು. ಉಳಿದವು ಪರಸ್ಪರ ದೂರವಿರುವ ಸಣ್ಣ ತುಣುಕುಗಳಾಗಿವೆ. ಮರ ಕಡಿಯದೆಯೂ ಜಡ್ಡಿಯನ್ನು ಕೊಲ್ಲಬಹುದು: ಮೇಲ್ಭಾಗದಲ್ಲಿ ತೊರೆಯನ್ನು ತಿರುಗಿಸಿದರೆ, ಇಲ್ಲವೆ ಸುತ್ತಲಿನ ಇಳಿಜಾರಿನ ಕಾಡು ಬರಿದಾಗಿ ಬೇಸಿಗೆಯ ಒರತೆ ಬತ್ತಿದರೆ, ಕೆಸರು ಒಣಗಿ ಸಸಿಗಳು ಸಾಯುತ್ತವೆ. ನಿಂತಿರುವ ದೊಡ್ಡ ಮರಗಳು ಕೆಲವು ಕಾಲ ಹಸಿರಾಗಿಯೇ ಇರುವುದರಿಂದ ನಷ್ಟ ತಡವಾಗಿ ಕಣ್ಣಿಗೆ ಬೀಳುತ್ತದೆ.

ಮರದ ಸಂತಾನೋತ್ಪತ್ತಿಯ ಕ್ರಮವೂ ಇದಕ್ಕೆ ಪ್ರತಿಕೂಲವಾಗಿದೆ. ಸೆಮೆಕಾರ್ಪಸ್ ಕುಲದಲ್ಲಿ ಸಾಮಾನ್ಯವಾಗಿ ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಬೇರೆ ಮರಗಳಲ್ಲಿ ಬಿಡುತ್ತವೆ. ಆದ್ದರಿಂದ ಒಂದು ಜಡ್ಡಿಯಲ್ಲಿ ಹತ್ತು ಮರಗಳಿದ್ದರೂ ಕಾಯಿ ಬಿಡುವವು ಕೆಲವೇ ಆಗಬಹುದು. ಜಡ್ಡಿಯ ಮರಗಳಲ್ಲಿ ಅನೇಕವುಗಳ ಬೀಜಗಳು ಒಣಗಿದರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಅವುಗಳನ್ನು ಧಾನ್ಯದಂತೆ ಕಣಜದಲ್ಲಿ ಕೂಡಿಡಲು ಬರುವುದಿಲ್ಲ.

ಸಂರಕ್ಷಣೆ

ಶಿರಸಿಯ ಅರಣ್ಯ ಮಹಾವಿದ್ಯಾಲಯದ ಸಂಶೋಧಕರು ಈ ಪ್ರಭೇದದ ಸಂಖ್ಯೆ, ವಯೋರಚನೆ ಮತ್ತು ಸಂತಾನೋತ್ಪತ್ತಿಯನ್ನು ಅಧ್ಯಯನ ಮಾಡಿದ್ದಾರೆ. ಕತ್ತಲೆಕಾನಿನ ಜೌಗು ಕಾಡಿನ ಪರಿಸರವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ವಿವರವಾಗಿ ದಾಖಲಿಸಿದ್ದಾರೆ.

ನೆಲೆಯ ರಕ್ಷಣೆಯ ದೃಷ್ಟಿಯಿಂದ 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಲಾಯಿತು. ಅದರ ವಿಸ್ತೀರ್ಣ 299.52 ಚದರ ಕಿ.ಮೀ. ಕತ್ತಲೆಕಾನು ಈ ಮೀಸಲಿನಲ್ಲಿ ಸೇರಿತು. 2019ರಲ್ಲಿ ಈ ಪ್ರದೇಶವನ್ನೂ ಹೊಂದಿಕೊಂಡ ಅರಣ್ಯವನ್ನೂ ಶರಾವತಿ ಕಣಿವೆ ವನ್ಯಜೀವಿಧಾಮದೊಂದಿಗೆ ಸೇರಿಸಿ 930.16 ಚದರ ಕಿ.ಮೀ. ವಿಸ್ತೀರ್ಣದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ರಚಿಸಲಾಯಿತು. ಹೀಗೆ ಒಂದು ಕೋತಿಯ ಹೆಸರಿನಲ್ಲಿ ದೊರೆತ ರಕ್ಷಣೆ ಅದೇ ಕಾಡಿನ ಮರಕ್ಕೂ ಒದಗಿತು.

ನರ್ಸರಿಯಲ್ಲಿ ಸಸಿ ಬೆಳೆಸಿ ಜಡ್ಡಿಗಳಲ್ಲಿ ನೆಡುವುದು ಪುನಶ್ಚೇತನದ ಒಂದು ಮಾರ್ಗ. ಆದರೆ ಅದಕ್ಕೆ ಮಿತಿಯಿದೆ. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್‌ಗಳಂತಹ ಒಣಹವೆಯ ತಾಲ್ಲೂಕುಗಳಲ್ಲಿ ಬೇವು, ಹೊಂಗೆಯ ಸಸಿಗಳನ್ನು ಬಯಲಿನಲ್ಲಿ ನೆಟ್ಟು, ಮೊದಲ ಬೇಸಿಗೆಗಳಲ್ಲಿ ನೀರುಣಿಸಿದರೆ ಅವು ಮುಂದೆ ತಾವೇ ನೆಲೆಯೂರಬಲ್ಲವು. ಜಡ್ಡಿಯ ಸಸಿಗೆ ಮೇಲೆ ಮರಗಳ ನೆರಳೂ ಕೆಳಗೆ ಬತ್ತದ ತೇವವೂ ಬೇಕು. ಇವೆರಡನ್ನೂ ನೆಟ್ಟು ಬೆಳೆಸಲಾಗದು. ಆದ್ದರಿಂದ ಸಸಿ ನೆಡುವಿಕೆಯು ಉಳಿದ ಜಡ್ಡಿಗಳ ರಕ್ಷಣೆಗೆ ಪೂರಕವಾದೀತೇ ಹೊರತು ಪರ್ಯಾಯವಾಗಲಾರದು. ಜಡ್ಡಿಗೆ ನೀರುಣಿಸುವ ತೊರೆ ಮತ್ತು ಅದರ ಮೇಲಿನ ಇಳಿಜಾರಿನ ಕಾಡು ಉಳಿದಲ್ಲಿ ಮಾತ್ರ ಈ ಪ್ರಭೇದದ ಉಳಿವು ಸಾಧ್ಯ.